ಸ್ಟಿಫನ್ (stiffen) ಅಂದ್ರೆ ಬರೀ ಗಡಸಾಗೋದಾ?

ತುಮಕೂರಿನಿಂದ ಇಂಗ್ಲಿಷ್ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಪರೀಕ್ಷೇಲಿ 'ಅವನು ಒಳಗೆ ಬಂದ ತಕ್ಷಣ ಅವಳು ಸ್ಟಿಫನ್ ಆದಳು' ಅನ್ನೋ ಅರ್ಥದ ಇಂಗ್ಲಿಷ್ ವಾಕ್ಯ ಇತ್ತಂತೆ, ಹುಡುಗನೊಬ್ಬ 'ಅವಳು ಗಡಸಾದಳು' ಅಂತ ಬರೆದ, ಇವರು ಪೂರ್ತಿ ಮಾರ್ಕ್ಸ್ ಕೊಟ್ರು, ಜೊತೆಯ ಮೇಷ್ಟ್ರು ಸೊನ್ನೆ ಹಾಕಿದ್ರು. ಒಂದು ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಪದ ಅಂತ ಗೊತ್ತು ಮಾಡಿಬಿಟ್ರೆ ಮಕ್ಕಳಿಗೆ ಈ ಗೋಳು ಯಾಕೆ ಅಂತ ಕೇಳಿದ್ದಾರೆ.

ಮೇಷ್ಟ್ರೇ, ವಿಜ್ಞಾನ, ಕಾನೂನಿನ ಪುಸ್ತಕದಲ್ಲಿ ಪಾಠಕ್ಕೊಂದು ಪದ ಇದ್ರೆ ಕಷ್ಟ, ಅಷ್ಟು ಒಪ್ಪಿದೆ. ಆದ್ರೆ ನಿಮ್ಮ 'ಗಡಸಾಗು' ಮೊದಲು ಕೈಕೊಡೋದು ಅಲ್ಲೇ! ಉಕ್ಕನ್ನ ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದ್ರೆ ಗಡಸಾಗುತ್ತೆ, ಗೀರು ಸುಲಭಕ್ಕೆ ಬೀಳಲ್ಲ, ಅದು ಹಾರ್ಡನ್. ಅದೇ ಸರಳನ್ನ ಸ್ವಲ್ಪ ಬಾಗಿಸಿ ನೋಡಿ, ಮೊದಲು ಎಷ್ಟು ಬಾಗ್ತಿತ್ತೋ ಹೆಚ್ಚುಕಮ್ಮಿ ಅಷ್ಟೇ ಬಾಗುತ್ತೆ, ಯಾಕಂದ್ರೆ ಉಕ್ಕಿನ ಯಂಗ್ಸ್ ಮಾಡ್ಯುಲಸ್ (ಎಳೆದ್ರೆ, ಬಾಗಿಸಿದ್ರೆ ಎಷ್ಟು ತಡೆಯುತ್ತೆ ಅನ್ನೋ ಅಳತೆ) ಅದ್ದಿದ್ರೂ ಅದ್ದದೇ ಇದ್ರೂ ಸುಮಾರು 200 ಗಿಗಾಪ್ಯಾಸ್ಕಲ್. ಇನ್ನು ಚಪ್ಪಟೆ ತಗಡನ್ನ ಚಾವಣಿ ಶೀಟಿನ ಥರ ಅಲೆ ಅಲೆಯಾಗಿ ಮಾಡಿದ್ರೆ ಲೋಹ ಅದೇ, ಆದ್ರೆ ಅಲೆ ಉದ್ದಕ್ಕೆ ಬಾಗೋದೇ ಇಲ್ಲ ಅನ್ನೋಷ್ಟು ಬಿಗಿ. ಸ್ಟಿಫನ್ ಅಂದ್ರೆ ಇದು.

ಬಟ್ಟೆಗೆ ಹಾಕೋ ಸ್ಟಾರ್ಚ್ ಇದೆಯಲ್ಲ, ಆ ಪದ ಹುಟ್ಟಿದ್ದೇ ಬಿಗಿ ಮಾಡು ಅನ್ನೋ ಹಳೇ ಇಂಗ್ಲಿಷ್ ಕ್ರಿಯಾಪದದಿಂದ. ನಮ್ಮಜ್ಜಿ ಅನ್ನ ಬಸಿದ ಗಂಜಿಯಲ್ಲಿ ತಾತನ ಪಂಚೆ ಅದ್ದಿ ಒಣಗಿಸಿ, ಬೆರಳಲ್ಲಿ ಮುಟ್ಟಿ ನೋಡಿ 'ಗರಿಗರಿ ಆಯ್ತು' ಅಂತಿದ್ರು. ಗಂಜಿ ಜಾಸ್ತಿಯಾಗಿ ಪಂಚೆ ಹಾಳಾದಾಗ ಮಾತ್ರ 'ಗಡಸಾಗೋಯ್ತು ಕಣೋ' ಅಂತ ಬೇಜಾರು ಮಾಡ್ಕೊಳ್ಳೋರು. ಓದು ಬರಹ ಇಲ್ಲದ ಅಜ್ಜಿಗೆ ಗೊತ್ತಿದ್ದ ಈ ವ್ಯತ್ಯಾಸ ಇವತ್ತಿನ ಗೈಡ್ ಬರೆಯೋರಿಗೆ ಗೊತ್ತಿಲ್ಲ ಅನ್ನೋದು ನನ್ನ ಸಂಕಟ.

ಇಂಗ್ಲಿಷ್ ಒಂದೇ ಕ್ರಿಯಾಪದದಲ್ಲಿ ಎಲ್ಲಾ ಮುಗಿಸುತ್ತೆ, ನಮ್ಮಲ್ಲಿ ಹಾಗಲ್ಲ, ಚಳಿಗೆ ಬೆರಳು ಮರಗಟ್ಟುತ್ತೆ, ಕತ್ತು ಹಿಡ್ಕೊಳ್ಳುತ್ತೆ, ಹೆಣ ಸೆಟೆದುಕೊಳ್ಳುತ್ತೆ (ಸತ್ತ ಕೆಲವು ಗಂಟೆಗೆ ಶುರುವಾಗಿ ಒಂದೆರಡು ದಿನದಲ್ಲಿ ಮತ್ತೆ ಸಡಿಲ ಆಗುತ್ತೆ), ಕಡೆದ ಮೊಟ್ಟೆ ಬಿಳಿ ನೊರೆಗಟ್ಟಿ ನಿಲ್ಲುತ್ತೆ, ಸ್ಪರ್ಧೆ ಜೋರಾಗುತ್ತೆ, ಕಾನೂನು ಬಿಗಿಯಾಗುತ್ತೆ. ಶೇಕ್ಸ್‌ಪಿಯರನ ಐದನೇ ಹೆನ್ರಿ ಹಾರ್ಫ್ಲೂರ್ ಕೋಟೆ ಮುಂದೆ ತನ್ನ ಸೈನಿಕರಿಗೆ ನರಗಳನ್ನ ಸ್ಟಿಫನ್ ಮಾಡ್ಕೊಳ್ಳಿ ಅಂತಾನೆ, ಅಲ್ಲಿ 'ಗಡಸು ಮಾಡ್ಕೊಳ್ಳಿ' ಅಂದ್ರೆ ಯಾವ ಸೈನಿಕ ಮುಂದೆ ಹೋಗ್ತಾನೆ ಹೇಳಿ, 'ನರ ಬಿಗಿಹಿಡೀರಿ' ಅನ್ಬೇಕು.

ಕಿಟ್ಟೆಲ್ 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಕೊಟ್ಟು ಹೋದ್ರು, ಗಾದೆಗಳನ್ನೂ ಬಿಡದೆ ಸೇರಿಸಿದ್ರು. ನಾವು ಮಕ್ಕಳ ಕೈಗೆ ಕೊಡೋದು ಎರಡು ಕಾಲಂ ಪಟ್ಟಿ, ಎಡಗಡೆ ಇಂಗ್ಲಿಷ್, ಬಲಗಡೆ ಒಂದೇ ಒಂದು ಕನ್ನಡ. ಆಮೇಲೆ ಅವರು ದೊಡ್ಡವರಾಗಿ ಭುಜ ಸ್ಟಿಫ್ ಆಯ್ತು, ಬಟ್ಟೆ ಸ್ಟಿಫ್ ಆಯ್ತು, ಕಾಂಪಿಟಿಷನ್ ಸ್ಟಿಫ್ ಆಯ್ತು ಅಂತಾರೆ, ಎಲ್ಲಕ್ಕೂ 'ಆಯ್ತು' ಒಂದೇ ಉಳಿದಿರುತ್ತೆ, ಉಳಿದ ಕ್ರಿಯಾಪದಗಳೆಲ್ಲ ಅಜ್ಜಿಯರ ಜೊತೆ ಹೋದವು. ಅನುವಾದ ಮಾಡೋರ ಕನ್ನಡ ಓದುವಾಗಲೂ ನನಗೆ ಇದೇ ಹೊಟ್ಟೆಉರಿ.

ಇನ್ನು ನಿಮ್ಮ ಹುಡುಗನ ವಿಷಯ. ಆ ಹೆಂಗಸು ಹೆದರಿದ್ರೆ 'ಮೈ ಮರಗಟ್ಟಿತು', ಸಿಟ್ಟಾಗಿದ್ರೆ 'ಮುಖ ಬಿಗಿಯಿತು', ಎದುರು ನಿಲ್ಲೋಳಾದ್ರೆ 'ಸೆಟೆದು ನಿಂತಳು'. ಹಿಂದುಮುಂದಿನ ವಾಕ್ಯ ಕೊಡದೇ ಇದ್ದಾಗ ಯಾವುದು ಅಂತ ಅವನು ಹೇಗೆ ಊಹಿಸ್ತಾನೆ? ಸೊನ್ನೆ ಹಾಕಿದ್ದು ತಪ್ಪು, ಪೂರ್ತಿ ಕೊಟ್ಟಿದ್ದೂ ತಪ್ಪು, ಅರ್ಧ ಕೊಡಿ, ಮುಂದಿನ ಸಲ ಪ್ರಶ್ನೆ ಪೇಪರ್ ತಯಾರಿಸುವಾಗ ಆ ವಾಕ್ಯದ ಹಿಂದಿನ ಎರಡು ಸಾಲು ಸೇರಿಸಿ. ಹಾಗೇ ತುಮಕೂರು ಕಡೆ ಚಳೀಲಿ ಬೆರಳು ಬಗ್ಗದೇ ಇದ್ದಾಗ ಏನಂತಾರೆ ಅಂತ ನಿಮ್ಮ ಮಕ್ಕಳ ಕೈಲಿ ಮನೇಲಿ ಕೇಳಿಸಿ, ಬಂದಿದ್ದನ್ನೆಲ್ಲ ಬರೆದು ಕಳಿಸಿ, ಮುಂದಿನ ಸಂಚಿಕೇಲಿ ಹಾಕ್ತೀನಿ.