ಗೇರುಬೀಜ ಎಂದು ಬರೆಯಿರಿ

ಆತ್ಮೀಯರೇ, ನಮಸ್ಕಾರ.

‘ಪಶ್ಚಿಮ ಆಫ್ರಿಕಾ: ಭೂಗೋಳ, ಆರ್ಥಿಕತೆ, ಆಡಳಿತ’ ಎಂಬ ನಿಮ್ಮ ಲೇಖನ ಕೈಸೇರಿ ಮೂರು ವಾರವಾಯಿತು. ಉತ್ತರ ತಡವಾಗಿದ್ದಕ್ಕೆ ಕ್ಷಮೆ ಇರಲಿ. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಅಷ್ಟೇ ಹೇಳಿ ವಾಪಸ್ ಕಳಿಸಬಹುದಿತ್ತು. ಆದರೆ ಇದರ ಹಿಂದೆ ತಿಂಗಳುಗಟ್ಟಲೆ ಓದು ಇದೆ ಎನ್ನುವುದು ಪುಟಪುಟದಲ್ಲೂ ಕಾಣುತ್ತದೆ. ಕನ್ನಡದಲ್ಲಿ ಆ ಕಡೆಯ ದೇಶಗಳ ಬಗ್ಗೆ ಶ್ರಮಪಟ್ಟು ಬರೆಯುವವರು ಬೆರಳೆಣಿಕೆಯಷ್ಟು. ನೀವು ಇಲ್ಲಿಗೇ ನಿಲ್ಲಿಸಿಬಿಡಬಾರದು ಎಂಬ ಆಸೆಯಿಂದ ಬಿಚ್ಚಿ ಹೇಳುತ್ತಿದ್ದೇನೆ.

ಹದಿನಾರು ದೇಶ, ಹದಿನಾಲ್ಕು ಪುಟ. ಪ್ರತಿ ದೇಶಕ್ಕೂ ಒಂದೇ ಅಚ್ಚು: ವಿಸ್ತೀರ್ಣ, ಜನಸಂಖ್ಯೆ, ರಾಜಧಾನಿ, ನಾಣ್ಯ, ಮುಖ್ಯ ಬೆಳೆ, ಸರ್ಕಾರದ ಬಗೆ. ಅದೂ ಬೆನಿನ್‌ನಿಂದ ಟೋಗೊವರೆಗೆ ಇಂಗ್ಲಿಷ್ ಅಕ್ಷರಗಳ ಸಾಲಿನಲ್ಲಿ. ಬೆನಿನ್ ಮತ್ತು ಟೋಗೊ ನೆಲದ ಮೇಲೆ ಮಗ್ಗುಲುಮಗ್ಗುಲಾಗಿವೆ. ನಿಮ್ಮ ಲೇಖನದಲ್ಲಿ ಒಂದು ಮೊದಲ ಪುಟದಲ್ಲಿ, ಇನ್ನೊಂದು ಕೊನೆಯ ಪುಟದಲ್ಲಿ. ಓದುಗನಿಗೆ ನಾಲ್ಕನೆಯ ದೇಶಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತುಹೋಗುತ್ತದೆ.

ಅಚ್ಚಿನ ತೊಂದರೆ ಬೇಸರ ಒಂದೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದು ಸಂಬಂಧಗಳನ್ನು ಮುಚ್ಚಿಬಿಡುತ್ತದೆ. ‘ನಾಣ್ಯ: ಸಿಎಫ್‌ಎ ಫ್ರಾಂಕ್’ ಎಂದು ಒಂಬತ್ತು ದೇಶಗಳ ಕೆಳಗೆ ಒಂಬತ್ತು ಸಲ ಬರೆದಿದ್ದೀರಿ. ಇವರೆಲ್ಲ ಬಳಸುವುದು ಒಂದೇ ದುಡ್ಡು, ಅದನ್ನು ನಡೆಸುವ ಕೇಂದ್ರ ಬ್ಯಾಂಕು ಸೆನೆಗಲ್‌ನ ರಾಜಧಾನಿ ಡಾಕಾರ್‌ನಲ್ಲಿದೆ, ಒಂದು ಯೂರೋಗೆ 655.957 ಫ್ರಾಂಕ್ ಎಂದು ಅದರ ಬೆಲೆಯನ್ನು ಕಟ್ಟಿಹಾಕಲಾಗಿದೆ ಎಂಬ ಮಾತು ಎಲ್ಲೂ ಬರುವುದಿಲ್ಲ. 1994ರ ಜನವರಿಯಲ್ಲಿ ಈ ಫ್ರಾಂಕಿನ ಬೆಲೆಯನ್ನು ಒಂದೇ ಏಟಿಗೆ ಅರ್ಧಕ್ಕೆ ಇಳಿಸಿದರು. ಹೊರಗಿನಿಂದ ತರಿಸುವ ಅಕ್ಕಿ, ಔಷಧಿ ಎಲ್ಲ ದುಬಾರಿಯಾದವು. ನಾಣ್ಯ ಎಂದರೆ ಇದು, ಅಡುಗೆಮನೆಗೆ ಬರುವ ಸಂಗತಿ. ಅಂದಹಾಗೆ ಪಶ್ಚಿಮದಲ್ಲಿ ಅದನ್ನು ಬಳಸುವ ದೇಶಗಳು ಎಂಟು. ನಿಮ್ಮ ಒಂಬತ್ತನೆಯದಾದ ಗಿನಿ ಆ ಗುಂಪಿನಲ್ಲಿಲ್ಲ. 1958ರಲ್ಲಿ ತನ್ನ ನಾಯಕ ಸೆಕು ಟುರೆಯ ಮಾತು ಕೇಳಿ, ಫ್ರಾನ್ಸಿನ ಕೂಟದಲ್ಲಿ ಉಳಿಯುವುದು ‘ಬೇಡ’ ಎಂದು ಮತ ಹಾಕಿದ ದೇಶ ಅದು. 1960ರಲ್ಲೇ ತನ್ನ ಪಾಡಿಗೆ ತನ್ನ ಫ್ರಾಂಕ್ ತಂದುಕೊಂಡಿತು.

ಬೇರೆ ತಪ್ಪುಗಳನ್ನು ಅಂಚಿನಲ್ಲಿ ಪೆನ್ಸಿಲ್‌ನಿಂದ ಗುರುತಿಸಿದ್ದೇನೆ. ಐವರಿ ಕೋಸ್ಟ್‌ನ ರಾಜಧಾನಿ 1983ರಿಂದ ಯಾಮುಸುಕ್ರೊ. ಅಬಿಜಾನ್ ವ್ಯಾಪಾರದ ನಗರ. ಪಶ್ಚಿಮ ಆಫ್ರಿಕಾ ದೇಶಗಳ ಆರ್ಥಿಕ ಒಕ್ಕೂಟವಾದ ಇಕೋವಾಸ್‌ನಲ್ಲಿ ಹದಿನೈದು ಸದಸ್ಯರು ಎಂದಿದ್ದೀರಿ. ಮಾಲಿ, ಬುರ್ಕಿನಾ ಫಾಸೊ, ನೈಜರ್ 2025ರ ಜನವರಿಯಲ್ಲಿ ಹೊರನಡೆದವು. ಆ ಮೂರರ ಮುಂದೆಯೂ ‘ಪ್ರಜಾಪ್ರಭುತ್ವ’ ಎಂದು ಬರೆದಿದ್ದೀರಿ. 2020ರಿಂದ 2023ರ ನಡುವೆ ಮೂರೂ ಕಡೆ ಸೇನೆ ಅಧಿಕಾರ ಹಿಡಿಯಿತು. ನೀವು ನೆಚ್ಚಿಕೊಂಡ ಪುಸ್ತಕ ಹಳೆಯದಿರಬೇಕು. ಆಡಳಿತದ ಬಗ್ಗೆ ಬರೆಯುವಾಗ ಹತ್ತು ವರ್ಷದ ಹಿಂದಿನ ಪುಸ್ತಕವನ್ನೇ ನಂಬಿ ಕೂರಬೇಡಿ.

ನಿಮ್ಮ ಲೇಖನದಲ್ಲಿ ಉಸಿರಾಡುವ ಒಂದು ಜಾಗ ಇದೆ, ಗ್ಯಾಂಬಿಯಾದ ಗೋಲಿ ಮತದಾನ. ಆರೇ ಸಾಲು. ಓದು ಬಾರದವರೂ ಮತ ಹಾಕುವಂತಾಗಲಿ ಎಂದು ಅಲ್ಲಿ 1960ರ ದಶಕದಿಂದ ಚೀಟಿಯ ಬದಲು ಗೋಲಿ ಕೊಡುತ್ತಾರೆ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಬಣ್ಣದ ಡ್ರಮ್ಮು. ಗೋಲಿ ಒಳಗೆ ಬಿದ್ದಾಗ ಗಂಟೆಯ ಸದ್ದು. ಸದ್ದು ಎರಡು ಸಲ ಕೇಳಿಸಿದರೆ ಮೋಸ ಎಂದು ಅಧಿಕಾರಿಗೆ ಗೊತ್ತಾಗುತ್ತದೆ. ಇದನ್ನು ಓದುವಾಗ ನಾನು ನಿಜವಾಗಿಯೂ ಮತಗಟ್ಟೆಯ ಹೊರಗೆ ಕಿವಿಗೊಟ್ಟು ನಿಂತಿದ್ದೆ. ಮತದಾನದ ದಿನ ಮತಗಟ್ಟೆಯ ಹತ್ತಿರ ಸೈಕಲ್ ಬಿಡುವುದಿಲ್ಲ, ಅದರ ಗಂಟೆ ಗೊಂದಲ ಮಾಡುತ್ತದೆ ಎಂದು. ಈ ವಿವರವನ್ನು ನೀವು ಬಿಟ್ಟಿದ್ದೀರಿ. ಇಪ್ಪತ್ತೆರಡು ವರ್ಷ ಆಳಿದ ಯಾಹ್ಯಾ ಜಾಮೆ 2016ರ ಡಿಸೆಂಬರ್‌ನಲ್ಲಿ ಸೋತದ್ದು ಇವೇ ಗೋಲಿಗಳಿಂದ ಎಂಬುದನ್ನೂ ಹೇಳಿಲ್ಲ. ಕುರ್ಚಿ ಬಿಡಲೊಲ್ಲದ ಅವರನ್ನು ಮುಂದಿನ ತಿಂಗಳು ಇಳಿಸಲು ಇಕೋವಾಸ್ ಪರವಾಗಿ ನೆರೆಯ ದೇಶಗಳ ಸೇನೆ ಗಡಿ ದಾಟಬೇಕಾಯಿತು. ಇಕೋವಾಸ್ ಏನು ಮಾಡುತ್ತದೆ ಎಂಬುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ನೀವದನ್ನು ಎರಡನೆಯ ಪುಟದಲ್ಲಿ ಸ್ಥಾಪನೆಯ ವರ್ಷ 1975, ಸ್ಥಳ ಲಾಗೋಸ್ ಎಂದು ಮುಗಿಸಿದ್ದೀರಿ.

ಈಗ ಏಳನೆಯ ಪುಟಕ್ಕೆ ಬರುತ್ತೇನೆ. ನನಗೆ ಹೇಳಬೇಕಾಗಿರುವುದು ಮುಖ್ಯವಾಗಿ ಇದರ ಬಗ್ಗೆ.

‘ಗಿನಿ-ಬಿಸಾವ್‌ನ ಮುಖ್ಯ ರಫ್ತು ಗೋಡಂಬಿ. ಭಾರತವೂ ಇದನ್ನು ಆಮದು ಮಾಡಿಕೊಳ್ಳುತ್ತದೆ.’ ಎರಡು ವಾಕ್ಯ, ಮುಂದೆ ಲೈಬೀರಿಯಾ. ಲಕೋಟೆಯ ಹಿಂದೆ ನಿಮ್ಮ ವಿಳಾಸ ನೋಡಿದೆ. ಕಾರ್ಕಳದ ಕಡೆಯವರು. ನಿಮ್ಮ ಸುತ್ತಮುತ್ತಲ ಕಾರ್ಖಾನೆಗಳಲ್ಲಿ ಒಡೆಯುವ ಬೀಜ ಎಲ್ಲವೂ ಊರಿನದಲ್ಲ, ಬಹಳಷ್ಟು ಆಫ್ರಿಕದಿಂದ ಹಡಗಿನಲ್ಲಿ ಬರುತ್ತದೆ ಎನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. ಐವರಿ ಕೋಸ್ಟ್, ಘಾನಾ, ಬೆನಿನ್, ಗಿನಿ-ಬಿಸಾವ್: ನಿಮ್ಮ ಪಟ್ಟಿಯ ನಾಲ್ಕು ದೇಶಗಳ ಮೂಟೆಗಳು ನಿಮ್ಮ ತಾಲೂಕಿನವರೆಗೂ ಬಂದು ನಿಂತಿವೆ.

ಮೊದಲು ಪದ ಸರಿಮಾಡಿ. ಅವರು ಕಳಿಸುವುದು ಗೇರುಬೀಜ. ಇಂಗ್ಲಿಷಿನಲ್ಲಿ ಮರಕ್ಕೂ ಬೀಜಕ್ಕೂ ತಿರುಳಿಗೂ ‘ಕ್ಯಾಶ್ಯೂ’ ಒಂದೇ. ನಮ್ಮಲ್ಲಿ ಎರಡು ಪದಗಳಿವೆ. ಚಿಪ್ಪಿನೊಳಗೆ ಇರುವ ತನಕ ಗೇರುಬೀಜ. ಬೇಯಿಸಿ, ಒಡೆದು, ಒಣಗಿಸಿ, ಸಿಪ್ಪೆ ತೆಗೆದು, ಗಾತ್ರ ನೋಡಿ ಬೇರ್ಪಡಿಸಿದ ಮೇಲೆ ಗೋಡಂಬಿ. ಆಡುಮಾತಿನಲ್ಲಿ ಎರಡೂ ಬೆರೆಯುತ್ತವೆ, ನಿಜ, ಬರೆಯುವಾಗ ಬೇರೆಯಾಗಿಡಿ. ಏಕೆಂದರೆ ಕಾರ್ಖಾನೆ, ಕೂಲಿ, ಲಾಭ ಎಲ್ಲವೂ ಇರುವುದು ಈ ಎರಡು ಪದಗಳ ನಡುವೆ. ಸುಮಾರು ನಾಲ್ಕು ಕಿಲೋ ಬೀಜ ಒಡೆದರೆ ಒಂದು ಕಿಲೋ ತಿರುಳು. ಅದನ್ನು ಒಡೆಯುವ ಕೆಲಸ ಮಂಗಳೂರಿನ ಸುತ್ತಮುತ್ತ, ಕೊಲ್ಲಂನಲ್ಲಿ, ವಿಯೆಟ್ನಾಂನಲ್ಲಿ ನಡೆಯುತ್ತದೆ. ಬೀಜ ಬೆಳೆದ ದೇಶಕ್ಕೆ ಮೂಟೆಯ ಬೆಲೆ ಮಾತ್ರ ದಕ್ಕುತ್ತದೆ. ಗಿನಿ-ಬಿಸಾವ್‌ನ ರಫ್ತಿನ ಗಳಿಕೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಈ ಒಂದು ಹಸಿ ಬೀಜದ್ದು. ‘ಗೋಡಂಬಿ ರಫ್ತು’ ಎಂದು ನೀವು ಬರೆದಾಗ ಆ ದೇಶದ ಬಡತನದ ಕಾರಣವೇ ಕಾಣೆಯಾಗುತ್ತದೆ.

ಇನ್ನು ನಿಮ್ಮ ಮೂರು ತಲೆಬರಹಗಳನ್ನು ಈ ಬೀಜದ ಜೊತೆ ಇಟ್ಟು ನೋಡಿ. ಭೂಗೋಳ: ಕರ್ನಾಟಕದ ಐದರಲ್ಲಿ ಒಂದು ಪಾಲಿಗಿಂತ ಚಿಕ್ಕ ನಾಡು, ತಗ್ಗು ನೆಲ. ಭರತದ ನೀರು ನದಿಗಳಲ್ಲಿ ಬಹುದೂರ ಒಳಗೆ ಏರಿ ಬರುತ್ತದೆ. ಉಪ್ಪುನೀರಿಗೆ ಒಡ್ಡು ಕಟ್ಟಿ ಅಲ್ಲೇ ಭತ್ತ ಬೆಳೆಯುವ ಕಲೆ ಬಲಾಂಟಾ ಜನರಿಗೆ ತಲೆಮಾರುಗಳಿಂದ ಕರಗತ. ಇಂಥ ಅಕ್ಕಿಯ ನಾಡಿಗೆ ಗೇರು ಹಬ್ಬಿತು. ಬ್ರೆಜಿಲ್‌ನ ಈ ಮರವನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದವರೂ ಅಲ್ಲಿಗೆ ಒಯ್ದವರೂ ಪೋರ್ಚುಗೀಸರೇ. ಆದರೆ ಅಲ್ಲಿ ತೋಟಗಳು ಊರೂರಿಗೂ ಬೆಳೆದದ್ದು ಸ್ವಾತಂತ್ರ್ಯದ ನಂತರ, 1980ರ ದಶಕದಿಂದ. ಹಂಗಾಮಿನಲ್ಲಿ ವ್ಯಾಪಾರಿ ಹಡಗಿನಲ್ಲಿ ಬಂದ ಅಕ್ಕಿಯನ್ನು ಹಳ್ಳಿಗೆ ತರುತ್ತಾನೆ, ರೈತ ಬೀಜ ಅಳೆದುಕೊಟ್ಟು ಅಕ್ಕಿ ಪಡೆಯುತ್ತಾನೆ. ಬೀಜದ ಬೆಲೆ ಬಿದ್ದ ವರ್ಷ ಅದೇ ಅಕ್ಕಿಗೆ ಹೆಚ್ಚು ಬೀಜ ಅಳೆಯಬೇಕು. ಭತ್ತ ಬೆಳೆಯಬಲ್ಲ ಜನ ಅಕ್ಕಿಗಾಗಿ ಮಳೆಗಾಲಕ್ಕೆ ಮುಂಚೆ ವ್ಯಾಪಾರಿಯ ದಾರಿ ಕಾಯುವಂತಾಯಿತು.

ಆಡಳಿತದ ಕೆಳಗೆ ‘ಅರೆ ಅಧ್ಯಕ್ಷೀಯ ಪದ್ಧತಿ’ ಎಂದು ಬರೆದು ನಿಲ್ಲಿಸಿದ್ದೀರಿ. ಅದು ರೈತನಿಗೆ ತಟ್ಟುವುದು ಹೇಗೆ? ಪ್ರತಿ ಹಂಗಾಮಿಗೆ ಬೀಜದ ಕನಿಷ್ಠ ಬೆಲೆ ಹೇಳುವುದು ಸರ್ಕಾರ. 2006ರಲ್ಲಿ ಕಿಲೋಗೆ 350 ಫ್ರಾಂಕ್ ಎಂದು ಘೋಷಿಸಿದಾಗ ವ್ಯಾಪಾರಿಗಳು ಕೊಳ್ಳಲು ಹಿಂಜರಿದರು, ಬೀಜ ಮನೆಗಳಲ್ಲೇ ಉಳಿಯಿತು. 2012ರ ಏಪ್ರಿಲ್ 12ರಂದು, ಅಧ್ಯಕ್ಷ ಚುನಾವಣೆಯ ಎರಡು ಸುತ್ತುಗಳ ನಡುವೆ, ಸೇನೆ ದಂಗೆ ಎದ್ದಿತು. ಏಪ್ರಿಲ್ ಎಂದರೆ ಕೊಯ್ಲಿನ ನಡುಮಧ್ಯ. ಆ ವರ್ಷ ಗೇರು ರಫ್ತು ಕುಸಿಯಿತು, ಅದರ ಜೊತೆ ದೇಶದ ಆದಾಯವೂ. ಚುನಾಯಿತ ಅಧ್ಯಕ್ಷರೊಬ್ಬರು ತಮ್ಮ ಅವಧಿ ಪೂರೈಸಿದ್ದು ಮೊದಲು ಕಂಡದ್ದು 2014ರಲ್ಲಿ ಗೆದ್ದ ಜೋಸೆ ಮಾರಿಯೊ ವಾಜ್ ಕಾಲದಲ್ಲಿ. ಅವರೂ 2015ರಲ್ಲಿ ಪ್ರಧಾನಿಯನ್ನು ವಜಾ ಮಾಡಿದ ಮೇಲೆ ವರ್ಷಗಟ್ಟಲೆ ಪ್ರಧಾನಿಗಳು ಬರುತ್ತ ಹೋಗುತ್ತ ಇದ್ದರು. ಅಧ್ಯಕ್ಷನೂ ಪ್ರಧಾನಿಯೂ ಇಬ್ಬರೂ ಬಲವುಳ್ಳವರಾದ ಪದ್ಧತಿ ಎಂದರೆ ಏನು ಎಂದು ಓದುಗನಿಗೆ ಇಲ್ಲಿ ತಿಳಿಯುತ್ತದೆ.

ಕತೆ ಅಲ್ಲಿಗೆ ಮುಗಿಯುವುದೂ ಇಲ್ಲ. ಬೆನಿನ್ 2024ರ ಏಪ್ರಿಲ್‌ನಿಂದ ಹಸಿ ಬೀಜದ ರಫ್ತನ್ನೇ ನಿಷೇಧಿಸಿದೆ, ಒಡೆಯುವ ಕೆಲಸ ತನ್ನ ನೆಲದಲ್ಲೇ ಉಳಿಯಲಿ ಎಂದು. ಅವರ ಕಡೆಯಿಂದ ನೋಡಿದರೆ ಇದು ನ್ಯಾಯವಾದದ್ದು ಎಂದೇ ನಾನು ನಂಬುತ್ತೇನೆ. ಆದರೆ ಕಾರ್ಕಳದ ಕಾರ್ಖಾನೆಯಲ್ಲಿ ಕೂತು ಬೀಜ ಒಡೆಯುವ ಹೆಂಗಸಿಗೆ ಇದರಿಂದ ಏನಾಗುತ್ತದೆ? ಇಬ್ಬರು ಬಡವರ ದುಡಿಮೆ ಒಂದೇ ಬೀಜದ ಮೇಲೆ ನಿಂತಿದೆ. ಈ ಪ್ರಶ್ನೆಯನ್ನು ಇಟ್ಟುಕೊಂಡು ಬರೆಯಲು ನಿಮಗಿರುವ ಅನುಕೂಲ ಬೆಂಗಳೂರಿನಲ್ಲಿ ಕೂತಿರುವ ನನಗಿಲ್ಲ.

ಭಾಷೆಯ ಬಗ್ಗೆ ಒಂದು ಮಾತು. ‘ಕರಾವಳಿ ಪ್ರದೇಶವು ಮ್ಯಾಂಗ್ರೋವ್ ಅರಣ್ಯಗಳಿಂದ ಆವೃತವಾಗಿದೆ’ ಎಂದಿದ್ದೀರಿ. ಕುಂದಾಪುರದ ಕಡೆ ಅದಕ್ಕೆ ಕಾಂಡ್ಲಾ ಎನ್ನುತ್ತಾರೆ. ‘ತೀರದುದ್ದಕ್ಕೂ ಕಾಂಡ್ಲಾ ಕಾಡು’ ಎಂದರೆ ಸಾಕು, ಕಣ್ಣಿಗೆ ಕಟ್ಟುತ್ತದೆ.

ಹೀಗೆ ಮಾಡಿ. ಹದಿನೈದು ದೇಶಗಳನ್ನು ಸದ್ಯಕ್ಕೆ ಬದಿಗಿಡಿ. ಒಂದು ದಿನ ಬಿಡುವು ಮಾಡಿಕೊಂಡು ಕಾರ್ಖಾನೆಗೆ ಹೋಗಿ, ಮಾಲೀಕರ ಅನುಮತಿ ಕೇಳಿ ಗೋದಾಮು ನೋಡಿ. ಮೂಟೆಗಳ ಮೇಲೆ ಯಾವ ದೇಶದ ಹೆಸರಿದೆ, ಯಾವ ಬಂದರಿನಿಂದ ಬಂದದ್ದು, ಎಷ್ಟು ದಿನವಾಯಿತು ಎಂದು ಬರೆದುಕೊಳ್ಳಿ. ಬೀಜ ಒಡೆಯುವವರ ಹತ್ತಿರ ಕೂತು, ಊರಿನ ಬೀಜಕ್ಕೂ ಹೊರಗಿನ ಬೀಜಕ್ಕೂ ಕೈಗೆ ಏನು ವ್ಯತ್ಯಾಸ ಗೊತ್ತಾಗುತ್ತದೆ ಎಂದು ಕೇಳಿ. ಚಿಪ್ಪಿನ ಎಣ್ಣೆ ತಾಗಿ ಸುಟ್ಟ ಬೆರಳುಗಳನ್ನು ನೋಡಿ. ಅಲ್ಲಿಂದ ಹಿಂದಕ್ಕೆ, ಬಿಸಾವ್‌ವರೆಗೆ ಬರೆಯಿರಿ. ಎರಡು ಸಾವಿರ ಪದ ಮೀರದಿರಲಿ. ಮಾರ್ಚ್ ಒಳಗೆ ಬಂದರೆ ಗೇರು ಹಣ್ಣಾಗುವ ಹೊತ್ತಿಗೆ ಪ್ರಕಟಿಸಬಹುದು; ಅಲ್ಲೂ ಹೆಚ್ಚು ಕಡಿಮೆ ಅದೇ ಕಾಲಕ್ಕೆ ಕೊಯ್ಲು ನಡೆದಿರುತ್ತದೆ.

ಹಸ್ತಪ್ರತಿ ವಾಪಸ್ ಕಳಿಸಿದ್ದೇನೆ. ಗ್ಯಾಂಬಿಯಾದ ಪುಟದ ನಕಲೊಂದನ್ನು ಇಟ್ಟುಕೊಂಡಿದ್ದೇನೆ. ಸೈಕಲ್ಲಿನ ವಿಷಯವನ್ನೂ 2016ರ ಚುನಾವಣೆಯನ್ನೂ ಸೇರಿಸಿ ಮುನ್ನೂರು ಪದಕ್ಕೆ ಬೆಳೆಸಿ ಕೊಟ್ಟರೆ ಮುಂದಿನ ತಿಂಗಳೇ ಹಾಕುತ್ತೇನೆ.

ಇಂತಿ ನಿಮ್ಮ,
ಸಂಪಾದಕ