ಬೂದಿ ಹೊಂಡದ ನೀರು: ಮೇಲಿನದು ಬೇರೆ, ಅಡಿಯದು ಬೇರೆ

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ತ್ಯಾಜ್ಯನೀರು ಶುದ್ಧೀಕರಣ ಘಟಕಗಳನ್ನು ಕಟ್ಟಿಕೊಡುವ ಸಣ್ಣ ಸಂಸ್ಥೆ. ಇದುವರೆಗೆ ಅಪಾರ್ಟ್‌ಮೆಂಟ್‌ಗಳ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಕೆಲಸವನ್ನೇ ಹೆಚ್ಚಾಗಿ ಮಾಡಿದ್ದೇವೆ. ಉತ್ತರ ಕರ್ನಾಟಕದ ಒಂದು ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಳೆಯ ಬೂದಿ ಹೊಂಡವನ್ನು (ಸುಟ್ಟ ಕಲ್ಲಿದ್ದಲಿನ ಬೂದಿಯನ್ನು ನೀರಿನಲ್ಲಿ ಕಲಸಿ ಹರಿಸಿ ತುಂಬಿಸುವ ಕೆರೆಯಂಥ ಜಾಗ) ತೆರವುಗೊಳಿಸಲಿರುವ ಗುತ್ತಿಗೆದಾರರು ನೀರಿನ ಭಾಗವನ್ನು ನಮಗೆ ವಹಿಸುವ ಮಾತಾಡುತ್ತಿದ್ದಾರೆ. ಅವರು ಕಳಿಸಿದ ಎರಡು ಕ್ಯಾನ್ ಮಾದರಿಯಲ್ಲಿ ನೀರು ತೀರ ತಿಳಿಯಾಗಿದ್ದು, ತೇಲುಕಣಗಳು ಲೀಟರಿಗೆ 12 ಮಿಲಿಗ್ರಾಂ ಮಾತ್ರ ಇವೆ. ಇಂಥ ನೀರಿಗೆ ಒಂದು ಮರಳು ಶೋಧಕ ಸಾಲದೇ? (ಓದುಗರು, ಪೀಣ್ಯ)

ಉತ್ತರ: ತಮಗೆ ಬಂದಿರುವ ಎರಡು ಕ್ಯಾನ್ ನೀರನ್ನು ಹೊಂಡದ ಯಾವ ಭಾಗದಿಂದ, ಎಷ್ಟು ಆಳದಿಂದ ತೆಗೆದರೆಂದು ಮೊದಲು ಕೇಳಿ ತಿಳಿದುಕೊಳ್ಳಿ. ಕೋಡಿಯ ಪಕ್ಕದಲ್ಲಿ ನಿಂತು ಬಕೆಟ್ ಇಳಿಬಿಟ್ಟು ತುಂಬಿಕೊಂಡ ನೀರು ಅದಾಗಿರುವ ಸಂಭವವೇ ಹೆಚ್ಚು. ಹೊಂಡಕ್ಕೆ ಬೂದಿಯ ರಾಡಿ ಬರುವ ತುದಿಯಿಂದ ಕೋಡಿಯವರೆಗೆ ಸಾಗುವಷ್ಟರಲ್ಲಿ ಕಣಗಳೆಲ್ಲ ತಳಕ್ಕಿಳಿದು, ಮೇಲೆ ತಿಳಿನೀರು ಮಾತ್ರ ಉಳಿಯುತ್ತದೆ. ಸ್ಥಾವರ ನಡೆಯುತ್ತಿದ್ದಷ್ಟು ಕಾಲವೂ ಹೊರಹೋಗುತ್ತಿದ್ದುದು ಇದೇ ತಿಳಿನೀರು. ತೆರವಿನ ಕೆಲಸದಲ್ಲಿ ತಮ್ಮ ಪಂಪಿಗೆ ಬರುವುದು ಇದೊಂದೇ ಅಲ್ಲ.

ಟೆಂಡರಿನಲ್ಲಿ ‘ಡಿಕ್ಯಾಂಟಿಂಗ್’, ‘ಡಿವಾಟರಿಂಗ್’ ಎಂಬ ಎರಡು ಪದಗಳು ಬೇರೆ ಬೇರೆಯಾಗಿ ಬಂದಿರಬೇಕು. ಮೊದಲನೆಯದು ಬೂದಿಯ ಮೇಲೆ ನಿಂತ ನೀರನ್ನು ತೆಗೆಯುವುದು. ಎರಡನೆಯದು ಬೂದಿಯ ಕಣಗಳ ನಡುವೆ ವರ್ಷಗಟ್ಟಲೆ ಸಿಕ್ಕಿಕೊಂಡಿರುವ ನೀರನ್ನು ಬಸಿಗಾಲುವೆ, ಗುಂಡಿ ಅಥವಾ ಸಾಲು ಕೊಳವೆಬಾವಿಗಳ ಮೂಲಕ ಬಸಿದು ತೆಗೆಯುವುದು. ಬೆಳ್ಳಂದೂರು, ವರ್ತೂರು ಕೆರೆಗಳ ಹೂಳೆತ್ತುವ ಕೆಲಸವನ್ನು ನೋಡಿದವರಿಗೆ ಗೊತ್ತಿರುತ್ತದೆ, ಮೇಲ್ಪದರ ಒಣಗಿ ಬಿರುಕು ಬಿಟ್ಟಿದ್ದರೂ ಅದರ ಅಡಿಯಲ್ಲಿ ಜೆಸಿಬಿಯನ್ನೇ ನುಂಗುವಷ್ಟು ಕೆಸರು ಇರುತ್ತದೆ. ಬೂದಿ ಇದಕ್ಕಿಂತಲೂ ಮೋಸದ ವಸ್ತು: ನೋಡಲು ಗಟ್ಟಿಯಾಗಿದ್ದು, ಯಂತ್ರದ ಅದುರುವಿಕೆಗೆ ನೀರಾಗಿ ಹರಿದುಬಿಡಬಲ್ಲದು. ಆದುದರಿಂದ ಅಗೆತಕ್ಕೆ ಮೊದಲು ಒಳನೀರು ಹೋಗಲೇಬೇಕು. ಆ ಒಳನೀರನ್ನು ಶುದ್ಧೀಕರಿಸುವುದೇ ತಮ್ಮ ನಿಜವಾದ ಕೆಲಸ.

ಮೇಲಿನ ನೀರು ಮಳೆಯಿಂದಲೂ ಹೊಸ ನೀರಿನಿಂದಲೂ ತೆಳುವಾಗಿರುತ್ತದೆ. ಒಳನೀರು ಹಾಗಲ್ಲ, ಬೂದಿಯೊಂದಿಗೆ ದೀರ್ಘಕಾಲ ನೆಂದು, ಆರ್ಸೆನಿಕ್, ಸೆಲೆನಿಯಂ, ಬೋರಾನ್, ಸಲ್ಫೇಟ್ ಮೊದಲಾದವನ್ನು ತನ್ನೊಳಗೆ ಕರಗಿಸಿಕೊಂಡಿರುತ್ತದೆ. ಆಮ್ಲಜನಕವಿಲ್ಲದ ಆಳದಲ್ಲಿ ಕಬ್ಬಿಣವೂ ಮ್ಯಾಂಗನೀಸೂ ಕರಗಿಯೇ ಇರುತ್ತವೆ. ನಮ್ಮ ಕೆಲವು ಬೋರ್‌ವೆಲ್‌ಗಳ ನೀರು ನಲ್ಲಿಯಿಂದ ಬೀಳುವಾಗ ತಿಳಿಯಾಗಿದ್ದು, ಬಕೆಟ್ಟಿನಲ್ಲಿ ಅರ್ಧ ಗಂಟೆ ನಿಂತ ಮೇಲೆ ಕೆಂಪಾಗುವುದಿಲ್ಲವೇ? ಇಲ್ಲಿಯೂ ಹಾಗೆಯೇ ಆಗುತ್ತದೆ. ತಾವು ಲೆಕ್ಕಕ್ಕೆ ತೆಗೆದುಕೊಂಡ 12 ಮಿಲಿಗ್ರಾಂ ತೇಲುಕಣ ಈ ನೀರಿನ ಬಗ್ಗೆ ಏನನ್ನೂ ಹೇಳುವುದಿಲ್ಲ, ಏಕೆಂದರೆ ಇಲ್ಲಿ ತೊಂದರೆ ಇರುವುದು ಕರಗಿರುವ ಅಂಶಗಳಲ್ಲಿ, ಮತ್ತು ಮರಳು ಶೋಧಕ ಅವುಗಳನ್ನು ಹಿಡಿಯುವುದಿಲ್ಲ. ಎಸ್‌ಟಿಪಿ ಅನುಭವವೂ ಇಲ್ಲಿ ಅಷ್ಟಾಗಿ ನೆರವಿಗೆ ಬಾರದು; ಈ ನೀರಿನಲ್ಲಿ ಬಿಒಡಿ (ಸೂಕ್ಷ್ಮಜೀವಿಗಳು ಕೊಳೆಸಬಲ್ಲ ಕಲ್ಮಶದ ಅಳತೆ) ಎಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಘಟಕದ ವಿನ್ಯಾಸವನ್ನು ಆರ್ಸೆನಿಕ್‌ನಿಂದ ಆರಂಭಿಸುವುದು ಒಳ್ಳೆಯದು. ಆಳದ ನೀರಿನಲ್ಲಿ ಅದು ಸುಲಭವಾಗಿ ಹಿಡಿತಕ್ಕೆ ಸಿಗದ ರೂಪದಲ್ಲಿರುವುದರಿಂದ, ಹೈಪೋಕ್ಲೋರೈಟಿನಂಥ ಉತ್ಕರ್ಷಕವನ್ನು ಮೊದಲು ಕೊಟ್ಟು ಆ ರೂಪವನ್ನು ಬದಲಿಸಿ, ಆಮೇಲೆ ಫೆರಿಕ್ ಕ್ಲೋರೈಡ್ ಹಾಕಿದರೆ, ಉಂಟಾಗುವ ಕಬ್ಬಿಣದ ಗರಣೆಗಳಿಗೆ ಆರ್ಸೆನಿಕ್ ಅಂಟಿಕೊಂಡು ಕೆಳಗಿಳಿಯುತ್ತದೆ. ಇದು ಚೆನ್ನಾಗಿ ನಡೆಯುವುದು ಪಿಹೆಚ್ 6ರಿಂದ 7.5ರ ಆಸುಪಾಸಿನಲ್ಲಿ. ಕ್ಯಾಡ್ಮಿಯಂ, ನಿಕ್ಕಲ್, ಸತು ಇವುಗಳಿಗೆ ಸುಣ್ಣ ಹಾಕಿ ಪಿಹೆಚ್ ಅನ್ನು 9ರ ಮೇಲೆ ಒಯ್ಯಬೇಕು. ಎರಡನ್ನೂ ಒಂದೇ ತೊಟ್ಟಿಯಲ್ಲಿ ಸಾಧಿಸಲು ಹೊರಟರೆ ಎರಡೂ ಕೈತಪ್ಪುತ್ತವೆ. ಹಾಗಾಗಿ ಎರಡು ಹಂತಗಳನ್ನು ಇಟ್ಟುಕೊಳ್ಳಿ. ‘ಸುಣ್ಣ ಸುರಿದರೆ ಲೋಹವೆಲ್ಲ ಇಳಿಯುತ್ತದೆ’ ಎಂಬ ಮಾತು ಎಲೆಕ್ಟ್ರೋಪ್ಲೇಟಿಂಗ್ ಕಾರ್ಖಾನೆಗಳಿಂದ ಬಂದದ್ದು, ಬೂದಿಯ ನೀರಿಗೆ ಅದು ಹೊಂದುವುದಿಲ್ಲ.

ಸೆಲೆನಿಯಂ ಇನ್ನೂ ಹಠಮಾರಿ. ಅದರ ಸೆಲೆನೈಟ್ ರೂಪ ಕಬ್ಬಿಣಕ್ಕೆ ಅಂಟುತ್ತದೆ, ಸೆಲೆನೇಟ್ ರೂಪ ಅಂಟುವುದಿಲ್ಲ. ಎರಡನೆಯದಕ್ಕೆ ಆಮ್ಲಜನಕವಿಲ್ಲದ ಜೈವಿಕ ಘಟಕವೋ ಪೊರೆ ಶೋಧನೆಯೋ ಬೇಕಾಗುತ್ತದೆ. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ದ ಮಾತ್ರಕ್ಕೆ ಇದನ್ನು ಕಡೆಗಣಿಸಬಾರದು. ಅಮೆರಿಕದ ನಾರ್ತ್ ಕೆರೊಲಿನಾದ ಬೆಲ್ಯೂಸ್ ಸರೋವರಕ್ಕೆ 1970ರ ದಶಕದಲ್ಲಿ ಬೂದಿ ಹೊಂಡದ ನೀರು ಸೇರಿದಾಗ, ಸೆಲೆನಿಯಂ ಆಹಾರ ಸರಪಳಿಯಲ್ಲಿ ಮೇಲೇರಿ, ಮೀನುಗಳ ಸಂತಾನಶಕ್ತಿಯನ್ನೇ ಕೆಡಿಸಿ, ಅಲ್ಲಿದ್ದ ಬಹುಪಾಲು ಜಾತಿಗಳನ್ನು ಇಲ್ಲವಾಗಿಸಿತು. ಬೋರಾನ್ ಅಂತೂ ಸುಣ್ಣಕ್ಕೂ ಕಬ್ಬಿಣಕ್ಕೂ ಜಗ್ಗುವುದಿಲ್ಲ.

ನೀರನ್ನು ಇಳಿಸುವ ವೇಗವನ್ನೂ ತಾವು ಗುತ್ತಿಗೆದಾರರೊಂದಿಗೆ ಕೂತು ನಿಗದಿಪಡಿಸಬೇಕು. ತುಂಬಿದ ಕೆರೆಯ ತೂಬನ್ನು ಒಮ್ಮೆಗೇ ಎತ್ತಿದರೆ ಏರಿಯ ಒಳಮೈ ಜಾರುತ್ತದೆಂಬುದು ನೀರುಗಂಟಿಗಳಿಗೆ ತಿಳಿದ ಸಂಗತಿ. ಕೆರೆಯ ನೀರು ಸರ್ರನೆ ಇಳಿದಾಗ ಏರಿಯ ಮಣ್ಣಿನೊಳಗಿನ ನೀರಿಗೆ ಆಸರೆ ತಪ್ಪುವುದೇ ಇದಕ್ಕೆ ಕಾರಣ. ನಾರ್ತ್ ಕೆರೊಲಿನಾದ ಪರವಾನಗಿಗಳಲ್ಲಿ ಮಟ್ಟವನ್ನು ದಿನಕ್ಕೆ ಒಂದು ಅಡಿಗಿಂತ ಹೆಚ್ಚು ಇಳಿಸಬಾರದೆಂಬ ಷರತ್ತು ಇರುವುದು ಇದಕ್ಕಾಗಿಯೇ. ತೇಲುವ ಪಂಪನ್ನು ಬಳಸಿ ಮೇಲಿನಿಂದಲೇ ನೀರು ಎಳೆಯಿರಿ. ಹೊರಹರಿವಿನಲ್ಲಿ ಕದಡಿಕೆಯ ಮಾಪಕವನ್ನು ಇಟ್ಟು, ನೀರು ರಾಡಿಯಾದೊಡನೆ ಪಂಪು ತಾನಾಗಿಯೇ ನಿಲ್ಲುವಂತೆ ಜೋಡಿಸಿ. ಹೊಂಡದ ಅಡಿಯಲ್ಲಿ ಹಳೆಯ ಕೊಳವೆಗಳೇನಾದರೂ ಹಾದುಹೋಗಿವೆಯೇ ಎಂದು ನಕ್ಷೆಯಲ್ಲಿಯೂ ಸ್ಥಳದಲ್ಲಿಯೂ ಹುಡುಕಿಸಿ. 2014ರ ಫೆಬ್ರವರಿ 2ರಂದು ಅದೇ ರಾಜ್ಯದ ಡ್ಯಾನ್ ನದಿಗೆ ಸುಮಾರು 39,000 ಟನ್ ಬೂದಿ ಹರಿದದ್ದು ಏರಿ ಒಡೆದು ಅಲ್ಲ, ಹೊಂಡದ ಕೆಳಗೆ ಹೂತಿದ್ದ ಮಳೆನೀರಿನ ಕೊಳವೆಯೊಂದು ಮುರಿದು.

ನಮ್ಮ ದೇಶದ ಮಾನದಂಡದ ಪ್ರಕಾರ ಬೂದಿ ಹೊಂಡದಿಂದ ಹೊರಬಿಡುವ ನೀರಿನಲ್ಲಿ ತೇಲುಕಣ ಲೀಟರಿಗೆ 100 ಮಿಲಿಗ್ರಾಂ ಮೀರಬಾರದು, ಪಿಹೆಚ್ 6.5ರಿಂದ 8.5ರೊಳಗಿರಬೇಕು. ಸ್ಥಾವರ ಎಂದಿನಂತೆ ನಡೆಯುವಾಗಿನ ತಿಳಿನೀರನ್ನು ಮನಸ್ಸಿನಲ್ಲಿಟ್ಟುಕೊಂಡ ಅಳತೆಯಿದು ಎಂಬುದು ನನ್ನ ಅಭಿಪ್ರಾಯ. ಒಳನೀರಿಗೆ ಇದನ್ನಷ್ಟೇ ತೋರಿಸಿ ನುಣುಚಿಕೊಳ್ಳದೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದಲ್ಲಿ ಈ ಕೆಲಸಕ್ಕೆಂದೇ ಏನು ಬರೆದಿದೆಯೆಂದು ನೋಡಿ. ಬೆಲೆ ನಮೂದಿಸುವ ಮುನ್ನ ಹೊಂಡದ ಮೂರು ನಾಲ್ಕು ಕಡೆ ಬೇರೆ ಬೇರೆ ಆಳಗಳಿಂದ ಒಳನೀರನ್ನು ತೆಗೆಸಿ, ಸೋಸಿದ್ದು ಮತ್ತು ಸೋಸದ್ದು ಎರಡರಲ್ಲಿಯೂ ಲೋಹಗಳನ್ನು ಅಳೆಸಿ, ಜಾರ್ ಟೆಸ್ಟ್ (ಸಣ್ಣ ಪಾತ್ರೆಗಳಲ್ಲಿ ರಾಸಾಯನಿಕದ ಪ್ರಮಾಣ ಬದಲಿಸಿ ನೋಡುವ ಪರೀಕ್ಷೆ) ಮಾಡಿ. ಕೊನೆಗೆ ಉಳಿಯುವ ಗರಣೆಯಲ್ಲಿ ಆರ್ಸೆನಿಕ್ ಸಾಂದ್ರವಾಗಿರುವುದರಿಂದ ಅದನ್ನು ಮತ್ತೆ ಅದೇ ಹೊಂಡಕ್ಕೆ ಸುರಿಯುವಂತಿಲ್ಲ. ಪರೀಕ್ಷೆಯಲ್ಲಿ ಅಪಾಯಕಾರಿ ಎಂದು ಕಂಡುಬಂದರೆ ದಾಬಸ್‌ಪೇಟೆಯಲ್ಲಿ ನಿರ್ಮಿಸಿರುವಂಥ ಭದ್ರ ಭೂಭರ್ತಿ ತಾಣಕ್ಕೆ ಸಾಗಿಸಬೇಕಾಗುತ್ತದೆ. ಆ ಸಾಗಣೆಯ ಖರ್ಚನ್ನು ಮರೆತು ಬೆಲೆ ಕೊಟ್ಟವರು ನಷ್ಟ ಅನುಭವಿಸುವುದು ಖಚಿತ.

ಪ್ರಶ್ನೆ: ನಾನು ಮಲ್ಲೇಶ್ವರದಲ್ಲಿದ್ದೇನೆ, ತಂದೆಯವರು ರಾಯಚೂರು ಜಿಲ್ಲೆಯ ನಮ್ಮ ಊರಿನಲ್ಲಿದ್ದಾರೆ. ನಮ್ಮ ಹೊಲವೂ ಬಾವಿಯೂ ಒಂದು ಬೂದಿ ಹೊಂಡದ ಇಳಿಜಾರಿನ ಕಡೆಗಿವೆ. ಹೊಂಡ ತೆರವಾದರೆ ಬಾವಿಯ ನೀರು ಸರಿಹೋಗುವುದೇ? ಈಗ ಏನನ್ನು ಪರೀಕ್ಷಿಸಬೇಕು? (ಓದುಗರು, ಮಲ್ಲೇಶ್ವರ)

ಉತ್ತರ: ನೀರು ಇಳಿದಂತೆ ಕೆಳಕ್ಕೆ ಒತ್ತುವ ಬಲ ತಗ್ಗಿ ಸೋರಿಕೆ ಕಡಿಮೆಯಾಗುತ್ತದೆ, ಆದರೆ ಈಗಾಗಲೇ ನೆಲದೊಳಗೆ ಇಳಿದಿರುವುದು ಹಲವು ವರ್ಷ ಅಲ್ಲಿಯೇ ಸಾಗುತ್ತಿರುತ್ತದೆ. ಆದುದರಿಂದ ಕೆಲಸ ಆರಂಭವಾಗುವ ಮೊದಲೇ ಮಾನ್ಯತೆ ಪಡೆದ ಪ್ರಯೋಗಾಲಯದಿಂದ ಒಂದು ವರದಿಯನ್ನು ಮಾಡಿಸಿ ಇಟ್ಟುಕೊಳ್ಳಿ, ಆಮೇಲೆ ಬೇಸಿಗೆಗೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಅದನ್ನು ಪುನರಾವರ್ತಿಸಿ. ಮೊದಲು ನೋಡಬೇಕಾದುದು ಬೋರಾನ್ ಮತ್ತು ಸಲ್ಫೇಟ್. ಇವು ಮಣ್ಣಿಗೆ ಹೆಚ್ಚು ಅಂಟಿಕೊಳ್ಳದೆ ನೀರಿನ ಜೊತೆಯಲ್ಲಿಯೇ ಹರಿಯುವುದರಿಂದ ಬೂದಿಯ ಜಾಡನ್ನು ಎಲ್ಲಕ್ಕಿಂತ ಮೊದಲು ತೋರಿಸುತ್ತವೆ. ಆರ್ಸೆನಿಕ್ ಒಂದನ್ನೇ ನೋಡಿ ತೀರ್ಮಾನಿಸಬೇಡಿ; ಚಿನ್ನದ ನಿಕ್ಷೇಪದ ಪಟ್ಟಿಯಿರುವ ರಾಯಚೂರು, ಯಾದಗಿರಿ ಭಾಗದ ಕೆಲವು ಹಳ್ಳಿಗಳ ಅಂತರ್ಜಲದಲ್ಲಿ ಬಂಡೆಯಿಂದಲೇ ಬಂದ ಆರ್ಸೆನಿಕ್ ಇದೆ. ಬೋರಾನ್, ಸಲ್ಫೇಟ್ ಎರಡೂ ಕಡಿಮೆಯಿದ್ದು ಆರ್ಸೆನಿಕ್ ಮಾತ್ರ ಹೆಚ್ಚಿದ್ದರೆ ಮೂಲ ಬೇರೆಯಿರಬಹುದು. ಕುಡಿಯುವ ನೀರಿಗೆ ಭಾರತೀಯ ಮಾನಕ 10500ರಲ್ಲಿ ಆರ್ಸೆನಿಕ್ ಮತ್ತು ಸೆಲೆನಿಯಂ ಲೀಟರಿಗೆ ತಲಾ 0.01 ಮಿಲಿಗ್ರಾಂ, ಬೋರಾನ್ 0.5 ಮಿಲಿಗ್ರಾಂ ಎಂದಿದೆ. ನೀರನ್ನು ಕುದಿಸಿದರೆ ಇವು ಹೋಗುವುದಿಲ್ಲ, ಆವಿಯಾದಷ್ಟು ನೀರು ಕಳೆದು ಇನ್ನಷ್ಟು ಸಾಂದ್ರವಾಗುತ್ತವೆ ಎಂಬುದನ್ನು ದಯವಿಟ್ಟು ತಂದೆಯವರಿಗೆ ತಿಳಿಸಿ.

ಪ್ರಶ್ನೆ: ಹೊಂಡದಿಂದ ತೆಗೆದ ನೀರನ್ನೆಲ್ಲ ಬೂದಿಯ ಧೂಳು ಅಡಗಿಸಲು ಸಿಂಪಡಿಸಿಬಿಟ್ಟರೆ ಹೊರಬಿಡುವ ಪ್ರಮೇಯವೇ ಬಾರದಲ್ಲವೇ? (ಇಂಜಿನಿಯರಿಂಗ್ ವಿದ್ಯಾರ್ಥಿನಿ, ಯಲಹಂಕ)

ಉತ್ತರ: ಬೇಸಿಗೆಯಲ್ಲಿ ಬಹುಮಟ್ಟಿಗೆ ಸಾಧ್ಯ, ಮತ್ತು ಮಾಡಲೇಬೇಕಾದದ್ದು. 2021ರ ಡಿಸೆಂಬರ್ 31ರ ಕೇಂದ್ರ ಅಧಿಸೂಚನೆ ಹಳೆಯ ಬೂದಿಯನ್ನು 10 ವರ್ಷಗಳಲ್ಲಿ ಬಳಸಿ ಮುಗಿಸಲು ಹೇಳಿರುವುದರಿಂದ ಲಾರಿಗಳ ಓಡಾಟ ಹೆಚ್ಚಿ, ಧೂಳಿಗೆ ನೀರು ಬೇಕೇ ಬೇಕು. ಮಳೆಗಾಲದಲ್ಲಿ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ. ನೂರು ಹೆಕ್ಟೇರ್ ತೆರೆದ ಬೂದಿಯ ಮೇಲೆ ಒಂದು ಸಂಜೆ 50 ಮಿಲಿಮೀಟರ್ ಮಳೆ ಸುರಿದರೆ 5 ಕೋಟಿ ಲೀಟರ್ ನೀರು ಬಂದಂತಾಯಿತು. ಬೂದಿಯನ್ನು ಸೋಕಿದ ಆ ನೀರೆಲ್ಲ ತ್ಯಾಜ್ಯನೀರೇ, ಅದೂ ಧೂಳೇ ಏಳದ ದಿನಗಳಲ್ಲಿ. ಆದುದರಿಂದ ಒಮ್ಮೆಗೆ ತೆರೆದಿಡುವ ಬೂದಿಯ ವಿಸ್ತಾರವನ್ನು ಚಿಕ್ಕದಾಗಿಟ್ಟು, ಮೇಲ್ಬದಿಯ ಶುದ್ಧ ಮಳೆನೀರು ಒಳಬಾರದಂತೆ ಕಾಲುವೆ ತೋಡಿ ಬಳಸಿ ಹರಿಸಿ, ದೊಡ್ಡ ಮಳೆಯನ್ನು ಹಿಡಿದಿಡುವ ಜಾಗವನ್ನು ಮೇ ತಿಂಗಳೊಳಗೆ ಖಾಲಿ ಮಾಡಿಕೊಂಡಿರಬೇಕು. ಸಿಂಪಡಿಕೆಯೂ ಹೊಂಡದ ಏರಿಯೊಳಗಿನ ದಾರಿಗಳಿಗೆ ಸೀಮಿತವಾಗಿರಲಿ: ಏರಿಯಾಚೆಯ ರಸ್ತೆಗೆ ಸಿಂಪಡಿಸಿದ ನೀರು ಪಕ್ಕದ ಹೊಲಕ್ಕೆ ಹರಿದು, ಅದರಲ್ಲಿರುವ ಬೋರಾನ್ ಬೆಳೆಯ ಎಲೆಯಂಚುಗಳನ್ನು ಸುಡಬಲ್ಲದು.