ಎರಡು ಎಕರೆಗೆ ಬೆಳೆ ಸಾಲ ಕೇಳಿದರೆ ಚಿನ್ನ ಯಾಕೆ ಕೇಳ್ತಾರೆ?

ಪ್ರಶ್ನೆ: ಹಾವೇರಿ ಜಿಲ್ಲೆಯಲ್ಲಿ ನಮಗೆ ಎರಡು ಎಕರೆ ಮೆಕ್ಕೆಜೋಳದ ಹೊಲ ಇದೆ. ಬೆಳೆ ಸಾಲಕ್ಕೆ ಹೋದರೆ ಬ್ಯಾಂಕಿನವರು ಅಪ್ಪನಿಗೆ "ಚಿನ್ನ ಇದ್ದರೆ ತನ್ನಿ" ಅಂತಾರೆ. ಇದೆಲ್ಲ 1991ರ ಉದಾರೀಕರಣದ ಫಲ ಅಂತ ಊರಲ್ಲಿ ಹೇಳ್ತಾರೆ. ನಿಜವಾ ಸರ್?

ಉತ್ತರ: ಅರ್ಧ ನಿಜ. ಆ ವರ್ಷ ಬ್ಯಾಂಕ್ ಸುಧಾರಣೆಗೆ ಸರ್ಕಾರ ನೇಮಿಸಿದ್ದ ನರಸಿಂಹಂ ಸಮಿತಿ, ಆದ್ಯತಾ ವಲಯದ ಸಾಲವನ್ನು (ಕೃಷಿ, ಸಣ್ಣ ಉದ್ಯಮದಂಥವಕ್ಕೆ ಬ್ಯಾಂಕು ಕಡ್ಡಾಯವಾಗಿ ಕೊಡಬೇಕಾದ ಪಾಲು) ಶೇ 40ರಿಂದ 10ಕ್ಕೆ ಇಳಿಸಿ ಎಂದಿತ್ತು. ಸರ್ಕಾರ ಒಪ್ಪಲಿಲ್ಲ. ಇವತ್ತಿಗೂ ಬ್ಯಾಂಕಿನ ಸಾಲದಲ್ಲಿ ಶೇ 18 ಕೃಷಿಗೆ ಹೋಗಬೇಕು.

ಸಡಿಲವಾಗಿದ್ದು ಬೇರೆ ಕಡೆ. ಮೊದಲು ಬ್ಯಾಂಕು ಪೇಟೆಯಲ್ಲಿ ಒಂದು ಶಾಖೆ ತೆರೆಯಬೇಕಾದರೆ ಬ್ಯಾಂಕೇ ಇಲ್ಲದ ಊರುಗಳಲ್ಲಿ ನಾಲ್ಕು ತೆರೆಯಬೇಕಿತ್ತು. 1977ರಲ್ಲಿ ಬಂದ ಈ ನಿಯಮ 1990ಕ್ಕೆ ಮುಗಿಯಿತು, ಆಮೇಲೆ ಹಳ್ಳಿ ಶಾಖೆಗಳು ಕಡಿಮೆಯೇ ಆದವು. 1994ರಲ್ಲಿ 2 ಲಕ್ಷ ಮೀರಿದ ಸಾಲದ ಬಡ್ಡಿಯನ್ನು ಬ್ಯಾಂಕುಗಳ ಕೈಗೇ ಬಿಟ್ಟರು. ಲಾಭ, ಸುಸ್ತಿ ಸಾಲದ ಲೆಕ್ಕವೂ ಬಿಗಿಯಾಯಿತು.

ನನಗೆ ನಿಜವಾಗಿ ಸಿಟ್ಟು ಬರುವುದು ಮುಂದಿನ ವಿಷಯಕ್ಕೆ. ಆ ಶೇ 18ರೊಳಗೆ ಏನೇನು ಸೇರುತ್ತದೆ ನೋಡಿ: ಗೋದಾಮು, ಕೋಲ್ಡ್ ಸ್ಟೋರೇಜ್, ಆಹಾರ ಸಂಸ್ಕರಣೆ ಘಟಕ, ಅದೂ ಒಬ್ಬರಿಗೆ 100 ಕೋಟಿವರೆಗೆ! ಮ್ಯಾನೇಜರ್ ಜಾಗದಲ್ಲಿ ಕೂತು ಯೋಚಿಸಿ. ಒಂದು ಗೋದಾಮಿಗೆ 5 ಕೋಟಿ ಕೊಟ್ಟರೆ ಒಂದೇ ಫೈಲು, ಅದನ್ನೇ ಲಕ್ಷ ಲಕ್ಷದಂತೆ ಕೊಡಬೇಕೆಂದರೆ 500 ಜನರ ಪಹಣಿ, 500 ಸಹಿ, ಮಳೆ ಕೈಕೊಟ್ಟ ವರ್ಷ 500 ಮನೆ ಸುತ್ತುವ ಕೆಲಸ. ಯಾವುದನ್ನು ಆರಿಸುತ್ತಾರೆ ಅಂತ ಬೇರೆ ಹೇಳಬೇಕಾ? ಇದು ಗೊತ್ತಿದ್ದೇ ಸಣ್ಣ, ಅತಿ ಸಣ್ಣ ರೈತರಿಗೆ ಬೇರೆ ಪಾಲು ಇಟ್ಟಿದ್ದಾರೆ, ಈಗ ಅದು ಬ್ಯಾಂಕಿನ ಒಟ್ಟು ಸಾಲದ ಶೇ 10. ಅದನ್ನು ತುಂಬಿಸಲು ಸುಲಭದ ದಾರಿ ಚಿನ್ನ: ಸಾಲ ಮುಳುಗುವ ಭಯವಿಲ್ಲ, ಲೆಕ್ಕದಲ್ಲಿ ಕೃಷಿ ಸಾಲ.

ನೀವಾಗಿ ಚಿನ್ನ ಇಟ್ಟರೆ ತಪ್ಪಿಲ್ಲ. ಆದರೆ 2025ರ ಜನವರಿಯಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಹಾಗಾಗಿ ಅಪ್ಪ ಸುಮ್ನೆ "ಸಾಲ ಬೇಕು" ಅನ್ನದೆ ಕಿಸಾನ್ ಕ್ರೆಡಿಟ್ ಕಾರ್ಡ್‌ಗೆ ಅರ್ಜಿ ಕೊಡಲಿ, ಸ್ವೀಕೃತಿ ಕೇಳಿ ಪಡೆಯಲಿ. ಅದರಲ್ಲಿ 3 ಲಕ್ಷದವರೆಗೆ ಬಡ್ಡಿ ಶೇ 7, ಗಡುವಿನೊಳಗೆ ಕಟ್ಟಿದರೆ 4. ಆಗಲ್ಲ ಅಂದರೆ ಕಾರಣ ಬರೆದುಕೊಡಿ ಅನ್ನಿ. ಬ್ಯಾಂಕಿಗೇ ಲಿಖಿತ ದೂರು ಕೊಟ್ಟು, 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕ್ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಖರ್ಚಿಲ್ಲ. ಊರಿನ ಕೃಷಿ ಸಹಕಾರ ಸೊಸೈಟಿಯಲ್ಲಿ ಸದಸ್ಯತ್ವ ಇದೆಯಾ ಅದನ್ನೂ ನೋಡಿ. ಕರ್ನಾಟಕದಲ್ಲಿ 2023ರ ಬಜೆಟ್‌ನಿಂದ ಅಲ್ಲಿ ಶೂನ್ಯ ಬಡ್ಡಿಯ ಮಿತಿ 5 ಲಕ್ಷ.